ಎತ್ತದ ಕೈ

ಝೆಲ್ನಿಕ್, ಕಾರ್ವೇನಿಯ
ಅಕ್ಟೋಬರ್ 22, 1978

ನನ್ನ ಪ್ರೀತಿಯ ನೆದಾ,

ಅಮ್ಮನ ಮುತ್ತುಗಳು. ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಬೈದುಕೊಳ್ಳಬೇಡ. ಹುಷಾರು ತಪ್ಪಿರಲಿಲ್ಲ, ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಪೆನಾಳ ಗಂಡ ಲಾರಿಯಲ್ಲಿ ರಾಜಧಾನಿಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಓದಿ ಸುಟ್ಟುಬಿಡು. ಬೇಡ, ಇಟ್ಟುಕೊಂಡರೂ ಸರಿ.

ಈ ವರ್ಷ ಆಲಿಕಲ್ಲು ಬಿದ್ದು ಪ್ಲಮ್ ಹಣ್ಣೆಲ್ಲ ಉದುರಿಹೋಯಿತು. ಆದರೆ ಪಕ್ಷದ ಯೋಜನೆಯಲ್ಲಿ ನಮ್ಮ ಕಾರ್ಖಾನೆ ಇಷ್ಟು ಲಕ್ಷ ಬಾಟಲಿ ಪ್ಲಮ್ ಜಾಮ್ ಕೊಡಬೇಕೆಂದು ಬರೆದಾಗಿತ್ತು. ಕುಂಬಳಕಾಯಿ ಬೇಯಿಸಿ, ಬಣ್ಣ ಹಾಕಿ ತುಂಬಿದೆವು. ಮುಚ್ಚಳ ತಿರುಗಿಸಿದವಳು ನಾನೇ. ಪರೀಕ್ಷಾ ಕೊಠಡಿಯಲ್ಲಿ ಲಿಲ್ಯಾನಾ ಎಂಬ ಹುಡುಗಿ ಇದ್ದಾಳೆ, ಇಪ್ಪತ್ತೆರಡರ ಪ್ರಾಯ. ‘ಇದರಲ್ಲಿ ಪ್ಲಮ್ ಇಲ್ಲ, ಕುಂಬಳಕಾಯಿ ಇದೆ’ ಎಂದು ಎರಡೇ ಸಾಲು ಬರೆದು, ಸಹಿ ಹಾಕಿ, ಕಾರ್ಖಾನೆಯ ಗೋಡೆ ಪತ್ರಿಕೆಗೆ ಅಂಟಿಸಿಬಿಟ್ಟಳು.

ಹತ್ತು ದಿನಕ್ಕೆ ಪಕ್ಷದ ಸಭೆ ಕರೆದರು. ಲಿಲ್ಯಾನಾಳನ್ನು ವೇದಿಕೆಯ ಮೇಲೆ ನಿಲ್ಲಿಸಿದ್ದರು. ಕಾರ್ಯದರ್ಶಿ ಗ್ರೋಜೆವ್ ಅರ್ಧ ಗಂಟೆ ಮಾತಾಡಿ, “ಈ ಹುಡುಗಿ ಪಕ್ಷದ ಬೆನ್ನಿಗೆ ಚೂರಿ ಹಾಕಿದಾಳೆ. ಕೆಲಸದಿಂದ ತೆಗೆಯೋಕೆ ಒಪ್ಪೋರು ಕೈ ಎತ್ತಿ” ಅಂದ. ಇನ್ನೂರು ಕೈ ಎದ್ದವು. ನಾನು ನನ್ನ ಎರಡೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡೆ.

“ಭುಜ ನೋವೇನ್ರೀ, ಸೆವ್ದಕ್ಕಾ?” ಅಂದ.

“ಭುಜಕ್ಕೇನಾಗಿದೆ ಕಾಮ್ರೇಡ್? ದಿನಕ್ಕೆ ಎರಡು ಸಾವಿರ ಮುಚ್ಚಳ ತಿರುಗಿಸ್ತೀನಿ.”

“ಹಾಗಾದ್ರೆ ಎತ್ತಿ ಮತ್ತೆ.”

“ಎತ್ತಲ್ಲ.”

ಪೆನಾ ನನ್ನ ಲಂಗ ಹಿಡಿದು ಎಳೆದಳು. “ಏನೇ, ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಎತ್ತೇ, ಮನೆಗೆ ಹೋಗೋಣ!”

ನಾನು ಎದ್ದು ನಿಂತೆ. “ಕುಂಬಳಕಾಯಿ ತುಂಬಿದ್ದು ನಾವು. ಹೇಳಿದ್ದು ಅವಳು. ತೆಗೆಯೋದಾದ್ರೆ ನಮ್ಮನ್ನ ತೆಗೀರಿ. ನಂಬಿಕೆ ಇಲ್ದಿದ್ರೆ ನಿಮ್ಮನೆ ಬಾಟ್ಲಿ ತೆಗೆದು ನೆಕ್ಕಿ ನೋಡಿ ಕಾಮ್ರೇಡ್. ಅಯ್ಯೋ, ಮರ್ತೆ. ನಿಮ್ಮನೆಗೆ ಹೋಗೋದು ಅಸಲಿ ಪ್ಲಮ್ ಅಲ್ವಾ!”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗ್ರೋಜೆವ್‌ನ ಕಿವಿ ಕೆಂಪಾಯಿತು. ಮೂರು ಸಲ ಎಣಿಸಿದ. ಮೂರನೆಯ ಸಲ ಪೆನಾಳ ಕೈಯೂ ಕೆಳಗಿತ್ತು. ಅವಳು ನೆಲ ನೋಡುತ್ತಾ ಕೂತಿದ್ದಳು, ಪಾಪ.

ಲಿಲ್ಯಾನಾಳ ಕೆಲಸ ಉಳಿಯಲಿಲ್ಲ. ಆದರೆ ವರದಿಯಲ್ಲಿ ‘ಸರ್ವಾನುಮತದಿಂದ’ ಎಂದು ಬರೆಯಲು ಅವರಿಗೆ ಆಗಲಿಲ್ಲ. ಆ ಸಭಾಂಗಣದಲ್ಲಿ ಹಾಗಾದದ್ದು ಅದೇ ಮೊದಲು.

ಮರುದಿನ ಗ್ರೋಜೆವ್ ಮನೆಗೇ ಬಂದ, ಕೈಯಲ್ಲೊಂದು ಕಾಗದ ಹಿಡಿದು. “ಜ್ವರ ಇತ್ತು, ಏನ್ ಮಾತಾಡಿದೆ ಅಂತ ಗೊತ್ತಾಗ್ಲಿಲ್ಲ ಅಂತ ಒಂದು ಸಾಲು ಬರ್ದುಕೊಡಿ ಸಾಕು. ನಿಮ್ಮ ಮಗಳು ಬೇರೆ ಹೆಡ್ ನರ್ಸ್ ಆಗೋದ್ರಲ್ಲಿದಾಳೆ. ಅವಳ ಭವಿಷ್ಯಾನೂ ನೋಡ್ಬೇಕಲ್ವಾ ಅಕ್ಕಾ?”

ನೆದಾ, ಒಲೆಯ ಮೇಲೆ ಕಾಫಿ ಉಕ್ಕಿ ಚೆಲ್ಲಿದರೂ ನಾನು ಏಳಲಿಲ್ಲ. ಆಮೇಲೆ ಪೆಟ್ಟಿಗೆಯಿಂದ ಪಕ್ಷದ ಸದಸ್ಯತ್ವದ ಪುಸ್ತಕ ತೆಗೆದು ಅವನ ಕಾಗದದ ಮೇಲಿಟ್ಟೆ. “ಜ್ವರ ಇದ್ದಿದ್ದು ಇಪ್ಪತ್ತೈದು ವರ್ಷ. ಈಗ ಬಿಟ್ಟಿದೆ. ಇದನ್ನ ತಗೊಂಡು ಹೋಗಿ” ಅಂದೆ.

ಈಗ ನನ್ನನ್ನು ಅಂಗಳದಲ್ಲಿ ಬಾಟಲಿ ತೊಳೆಯಲು ಹಾಕಿದ್ದಾರೆ. ತಣ್ಣೀರಿಗೆ ಬೆರಳು ಬಿರಿದಿವೆ. ನಿಮ್ಮ ಆಸ್ಪತ್ರೆಯ ಕಡೆ ಗ್ಲಿಸರಿನ್ ಸಿಕ್ಕರೆ ಕಳಿಸು. ಕೆಲವರು ನನ್ನನ್ನು ಕಂಡರೆ ರಸ್ತೆ ದಾಟಿಹೋಗುತ್ತಾರೆ. ಕೆಲವರು ಬ್ರೆಡ್ ಸಾಲಿನಲ್ಲಿ ಮೆಲ್ಲಗೆ ಮೊಣಕೈ ಹಿಸುಕುತ್ತಾರೆ. ಭಾನುವಾರ ಲಿಲ್ಯಾನಾ ಊಟಕ್ಕೆ ಬರುತ್ತಾಳೆ. ನನ್ನ ಬೀನ್ಸ್ ಸಾರಿಗೆ ಉಪ್ಪು ಜಾಸ್ತಿ ಅಂತ ಮುಖಕ್ಕೇ ಹೇಳುತ್ತಾಳೆ, ಅದೂ ನಿಜವೇ.

ನಿನ್ನ ಬಡ್ತಿ ತಪ್ಪಿದರೆ ಅದಕ್ಕೆ ಕಾರಣ ನಾನೇ. ಅದು ನನಗೆ ಸಂಕಟ. ಮಾಡಿದ್ದಕ್ಕೆ ಮಾತ್ರ ಪಶ್ಚಾತ್ತಾಪವಿಲ್ಲ, ನಾಳೆ ಕರೆದರೂ ಮತ್ತೆ ಹಾಗೇ ಕೂರುತ್ತೇನೆ. ‘ಅಮ್ಮನನ್ನು ಖಂಡಿಸುತ್ತೇನೆ’ ಎಂದು ಬರೆದುಕೊಡು ಅಂತ ನಿನ್ನನ್ನೂ ಕೇಳುತ್ತಾರೆ. ನೀನು ಏನು ಮಾಡಿದರೂ ನನ್ನ ಮಗಳೇ.

ಚಳಿ ಶುರುವಾಗಿದೆ, ಉಣ್ಣೆಯ ಕಾಲುಚೀಲ ಹಾಕಿಕೋ. ನಿನ್ನ ಮೈ ಗಟ್ಟಿಯಾಗಿರಲಿ, ಯಾರ ಮುಂದೆಯೂ ನೀನು ಕಣ್ಣು ತಗ್ಗಿಸುವ ದಿನ ಬಾರದಿರಲಿ.

ನಿನ್ನ ಅಮ್ಮ
ಸೆವ್ದಾ

ತಾ. ಕ.: 1953ರಲ್ಲಿ ನಿನ್ನಪ್ಪ ಮಿತ್ಕೋನನ್ನು ಪಕ್ಷದಿಂದ ಹೊರಹಾಕಿದ ಸಭೆಗೆ ನಾನು ಹೋಗಿರಲಿಲ್ಲ, ನಿನಗೆ ದಡಾರ ಎದ್ದಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಸುಳ್ಳು. ನೀನು ಪಕ್ಕದ ಮನೆಯಲ್ಲಿ ಆಡುತ್ತಿದ್ದೆ. ನಾನು ಅದೇ ಸಭಾಂಗಣದಲ್ಲಿ ಎರಡನೇ ಸಾಲಿನಲ್ಲಿದ್ದೆ. ನಮ್ಮೂರ ಗಣಿಯಲ್ಲಿ ಸತ್ತವರ ಬಗ್ಗೆ ಪಕ್ಷ ಕೊಟ್ಟ ಲೆಕ್ಕ ಸುಳ್ಳು ಎಂದು ಅವನು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಆದರೂ ಕೈ ಎತ್ತಿದೆ. ಅವನು ವೇದಿಕೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಸಂಜೆ ಮನೆಗೆ ಬಂದು ಬ್ರೆಡ್ ಕೊಯ್ದು, ನನಗಿಷ್ಟವಾದ ಅಂಚಿನ ತುಂಡನ್ನು ಎಂದಿನ ಹಾಗೆ ನನ್ನ ತಟ್ಟೆಗೆ ಹಾಕಿದ. ಬೆಳಿಗ್ಗೆ ಪೊಲೀಸರು ಬಂದು ಅವನನ್ನು ಕರೆದುಕೊಂಡು ಹೋದರು.

ಹದಿನಾರು ವರ್ಷದವಳಿದ್ದಾಗ ನೀನೊಮ್ಮೆ, “ಅಪ್ಪನ ವಿರುದ್ಧ ಕೈ ಎತ್ತಿದವರ ಮುಖ ಒಂದ್ಸಲ ನೋಡ್ಬೇಕಮ್ಮಾ” ಅಂದಿದ್ದೆ. ನಾನು ಪಾತ್ರೆ ತೊಳೆಯುತ್ತಿದ್ದೆ, ತಿರುಗಲಿಲ್ಲ. ಹೊಸ ವರ್ಷದ ರಜೆಗೆ ಬಾ, ನೆದಾ. ನೋಡು.