ಕರಿಯ ಸಾಯಬಾರದು

ಸಿದ್ದಾ,

ಮಳವಳ್ಳಿಯಿಂದ ಬಂದ ತಕ್ಷಣ ಓದು. ನಮ್ಮ ಕರಿಯ ಪಕ್ಕದ ಮನೆ ಶಕೀಲಾಳ ಕೆನ್ನೆ ಕಚ್ಚಿದೆ. ಸೂಜಿ ಹಾಕಿಸಲು ಮಗುವನ್ನೂ ಅವಳಪ್ಪನನ್ನೂ ಕರೆದುಕೊಂಡು ಮೈಸೂರಿಗೆ ಹೊರಟಿದ್ದೇನೆ.

ಸಿಟ್ಟಿಗೆ ನಾಯಿಯನ್ನು ಹೊಡೆದು ಹಾಕಬೇಡ. ಹತ್ತು ದಿನ ಬದುಕಿದ್ದರೆ ಅದಕ್ಕೆ ಹುಚ್ಚಿಲ್ಲವಂತೆ, ಡಾಕ್ಟರು ಹೇಳಿದರು. ಕೊಟ್ಟಿಗೆಯಲ್ಲಿ ಕಟ್ಟಿದ್ದೇನೆ. ಅನ್ನ ನೀರು ದೂರದಿಂದಲೇ ತಳ್ಳು. ನೀರು ಮುಟ್ಟದಿದ್ದರೆ ಅವತ್ತೇ ತಂತಿ ಕೊಡು.

ಮೈ ತೊಳೆಯುವಾಗ ಅದರ ಕೊರಳಿಂದ ಬಿಚ್ಚಿದ ಮುನಿಸಿಪಾಲಿಟಿ ಬಿಲ್ಲೆಯನ್ನು ಮತ್ತೆ ಕಟ್ಟಲು ನಿನಗೆ ಪುರುಸೊತ್ತಾಗಲಿಲ್ಲ. ಗೋಡೆಯ ಗೂಡಿನಲ್ಲಿದೆ. ಬಿಲ್ಲೆಯಿಲ್ಲದ ನಾಯಿ ಕೊಲ್ಲುವವರು ನಾಳೆ ನಮ್ಮ ಬೀದಿಗೆ ಬರುತ್ತಾರೆ. ತೋರಿಸಿ ಕಳಿಸು, ಬಾಗಿಲು ಬಿಟ್ಟು ಕದಲಬೇಡ.

ಒಲೆ ಮೇಲಿನ ಚೊಂಬಿನಲ್ಲಿರುವುದು ಶಕೀಲಾ ಕುಡಿಯುವ ಹಾಲು. ಅವಳ ತಾಯಿ ಜಾನ್ ಬೀ ತಂದುಕೊಟ್ಟು, "ನಾಯಿಗೇ ಹುಯ್ಯಣ್ಣ, ಅದು ಸಾಯ್ಬಾರ್ದು" ಅಂದಳು.

ನಿನ್ನಣ್ಣ