ಒಣಮಣ್ಣಿಗೆ ಗೊಬ್ಬರ ಸುರೀಬೇಡ

ತಮ್ಮಾ,

ನೀನು ಏಳೋ ಹೊತ್ತಿಗೆ ನಾನು ಆಸ್ಪತ್ರೇಲಿರ್ತೀನಿ. ನಿನ್ನೆ ರಾತ್ರಿ ನೀನು ಎಸೆದ ಹೂಕುಂಡದ ಚೂರು ಹುಬ್ಬು ಸೀಳಿದೆ, ಹೊಲಿಗೆ ಹಾಕಿಸ್ಬೇಕು. ಗೋಡೆ ಮೇಲಿರೋದು ಬರೀ ಮಣ್ಣಲ್ಲ, ರಕ್ತಾನೂ ಇದೆ. ಒದ್ದೆ ಬಟ್ಟೇಲಿ ಒರೆಸು.

ದಮ್ಮಯ್ಯ, ಇವತ್ತು ಗೊಬ್ಬರದ ಬಾಟ್ಲಿ ಮುಟ್ಬೇಡ. ನೀನು ನನ್ನ ಮೇಲೆ ಕೈ ಮಾಡಿದ ಮಾರನೇ ದಿನ ಗಿಡಗಳಿಗೆ ಎಲ್ಲಿಲ್ಲದ ಉಪಚಾರ. ನನ್ನ ಮುಖ ನೋಡೋಕಾಗದೆ ಒಣಮಣ್ಣಿಗೆ ಮುಚ್ಚಳಗಟ್ಟಲೆ ಸುರೀತೀಯ, ನೀರು ಕೂಡ ಬೆರೆಸಲ್ಲ. ಎಲೆಯಂಚು ಸುಟ್ಟಿರೋದು ಬಿಸಿಲಿಗಲ್ಲ ಕಣೋ, ನಿನ್ನ ಪಶ್ಚಾತ್ತಾಪಕ್ಕೆ.

ಒಂದೊಂದೇ ಕುಂಡ ಬಚ್ಚಲಿಗೆ ಒಯ್ದು, ಅಡಿಯ ತೂತಿಂದ ಚೆನ್ನಾಗಿ ಹರಿದುಹೋಗೋ ತನಕ ಬರೀ ನೀರು ಹಾಕು. ನೀನು ಸುರಿದಿದ್ದೆಲ್ಲ ತೊಳೆದು ಹೋಗ್ಲಿ. ತಟ್ಟೇಲಿ ನಿಂತ ನೀರು ಚೆಲ್ಲು. ಆಮೇಲಿಂದ ಬೆರಳಿಟ್ಟು ನೋಡು, ಮಣ್ಣು ಒಣಗಿದ್ರೆ ಮಾತ್ರ ನೀರು. ಹೊಸ ಚಿಗುರು ಬರೋ ತನಕ ಗೊಬ್ಬರ ಬೇಡವೇ ಬೇಡ.

ನೀನು ಎಸೆದ ಗಿಡ ಸತ್ತಿಲ್ಲ. ಅಮ್ಮನ ಹಳೇ ಪಾತ್ರೇಲಿ ನೆಟ್ಟಿದ್ದೀನಿ. ಅದರ ತಂಟೆಗೆ ಹೋದ್ರೆ ಕೈ ಮುರೀತೀನಿ.

ಊಟ ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೊಂಡು ತಿನ್ನು.

ಇಷ್ಟು ದಿನ ಡಾಕ್ಟರು ಕೇಳಿದಾಗೆಲ್ಲ, ನೀರು ಹಾಕುವಾಗ ಕುಂಡ ಜಾರಿ ತಲೆ ಮೇಲೆ ಬಿತ್ತು ಅಂತಿದ್ದೆ. ಇವತ್ತು ಎಸೆದವರು ಯಾರು ಅಂತ ಹೇಳ್ತೀನಿ.

ಪೊಲೀಸರು ಬಾಗಿಲು ಬಡಿದ್ರೆ ಬರಿಗಾಲಲ್ಲಿ ಓಡ್ಬೇಡ. ನಡುಮನೆ ತುಂಬ ಚೂರು ಬಿದ್ದಿದೆ.

ಅಕ್ಕ