ಹಾಡಿನ ನಡುವಿನ ಮಾತು

೧೨ ಜನವರಿ ೧೯೯೭, ಭಾನುವಾರ

ಇವತ್ತೂ ಅದೇ ಕಥೆ. ಕಂಡಕ್ಟರು ಎದುರು ಬಂದು ನಿಂತ. ಕ್ಯಾತನಹಳ್ಳಿ ಅನ್ನಲು ಆಗಲಿಲ್ಲ. ‘ಕ’ ಗಂಟಲಲ್ಲೇ ಕೂತುಬಿಟ್ಟಿತು. ಮುಂದಿನ ಊರಿನ ಹೆಸರು ಹೇಳಿ ಟಿಕೆಟ್ ತಗೊಂಡು ನಮ್ಮೂರಲ್ಲೇ ಇಳಿದೆ. ಹುಚ್ಚ ಅಂದುಕೊಂಡಿರಬೇಕು.

ಮಾತಾಡಿದರೆ ತೊದಲು. ಹಾಡಿದರೆ ಒಂದಕ್ಷರವೂ ತಡೆಯುವುದಿಲ್ಲ. ಯಾಕೋ, ಡಾಕ್ಟರಿಗೂ ಗೊತ್ತಿಲ್ಲ. ಅದಕ್ಕೇ ಈ ಬ್ಯಾಂಡು. ಹೇಮಂತ್ ಬೆಂಗಳೂರಿಂದ ಪಂಕ್ ಕ್ಯಾಸೆಟ್ ತಂದಿದ್ದ — ಗಿಟಾರಿನ ಮೂರೇ ಕಾರ್ಡು, ಎರಡು ನಿಮಿಷ, ಗಂಟಲು ಹರಿಯುವ ಹಾಗೆ ಕಿರುಚುವುದು. ಕೇಳಿದ ತಕ್ಷಣ ಇದು ನನ್ನದು ಅನಿಸಿತು. ಹೇಮಂತ್ ಗಿಟಾರು, ಲಕ್ಷ್ಮಣ ಡ್ರಮ್ಮು, ನಾನು ಬಾಯಿ. ಹೆಸರು ‘ಸಿಪ್ಪೆ’. ಆಲೆಮನೆ ಹಿಂದೆ ಪ್ರಾಕ್ಟೀಸು, ಊರವರಿಂದ ಬೈಗುಳ.

ನಾಳೆಯಿಂದ ಶ್ರೀರಂಗಪಟ್ಟಣದಲ್ಲಿ ರೆಕಾರ್ಡಿಂಗ್. ಕ್ಯಾಸೆಟ್ ಕಂಪನಿಯವರಿಗೆ ಕಿರುಚಾಟ ಬೇಡ, ಮೆಲೋಡಿ ಬೇಕಂತೆ. ಕ್ಯಾಸೆಟ್ ಬರುವ ಆಸೆಗೆ ಒಪ್ಪಿದೆವು. ಹಾಡುವುದು ತಾನೇ, ಭಯ ಇಲ್ಲ ಅಂತ ಬರೆಯೋಣ ಅಂದುಕೊಂಡೆ. ಇದೆ.

೧೫ ಜನವರಿ

ಪ್ರೊಡ್ಯೂಸರ್ ಮುದ್ದಯ್ಯ ಸಾರ್. ಮೈಸೂರಿನವರು, ಇಸ್ತ್ರಿ ಅಂಗಿ, ನಗುವುದಿಲ್ಲ. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ, ಅದಕ್ಕೇ ಗೋಡೆಗೆ ಟೈಂಟೇಬಲ್ ಅಂಟಿಸಿದ್ದಾರೆ. ಪ್ಯಾಸೆಂಜರ್ ಹೋದಮೇಲೆ ಟೇಕ್. ನಡುವೆ ಗೂಡ್ಸ್ ಬಂದರೆ ಆ ಟೇಕ್ ಕ್ಯಾನ್ಸಲ್. ಬೆಳಿಗ್ಗೆಯಿಂದ ಒಂದೇ ಪಲ್ಲವಿ. “ಚೆನ್ನಾಗಿದೆ. ಮತ್ತೊಂದು ಸಲ.” ಈ ಮಾತು ಈಗ ನಿದ್ದೆಯಲ್ಲೂ ಕೇಳಿಸುತ್ತದೆ.

ಸದ್ದು ಕಮ್ಮಿಯಾಗಲಿ ಅಂತ ಲಕ್ಷ್ಮಣನ ಡ್ರಮ್ಮಿಗೆ ಟವಲ್ ಸುತ್ತಿಸಿದರು. “ಡ್ರಮ್ಗೂ ಚಳಿ ಆಯ್ತದೇನ್ಲಾ?” ಅಂದ. ನಗು ತಡೆಯಲಾಗಲಿಲ್ಲ. ಆ ಟೇಕೂ ಹೋಯಿತು.

ನನ್ನ ತೊದಲು ಸಾರ್‌ಗೆ ಗೊತ್ತಿಲ್ಲ. “ಗಂಟ್ಲು ಉಳಿಸ್ಕತಾನೆ ಸಾರ್, ಅದ್ಕೇ ಮಾತಾಡಾಕಿಲ್ಲ” ಅಂತ ಹೇಮಂತ್ ಬುರುಡೆ ಬಿಟ್ಟಿದ್ದಾನೆ. “ಶಿಸ್ತು ಅಂದ್ರೆ ಇದು!” ಅಂದರು ಸಾರ್. ತಲೆ ತಗ್ಗಿಸಿ ನಿಂತಿದ್ದೆ.

೧೮ ಜನವರಿ

ಸತ್ತೆ.

ಎರಡನೇ ಹಾಡಿನ ನಡುವೆ ವಾದ್ಯ ಎಲ್ಲ ನಿಲ್ಲಬೇಕಂತೆ. ಅಲ್ಲಿ ಒಂದು ಮಾತು ಬರಬೇಕಂತೆ — “ಕೋಪ ಬಿಡು. ಕತ್ತಲಾಗೋ ಮುಂಚೆ ಮನೆಗೆ ಬಾ.” ಎರಡಕ್ಕೂ ‘ಕ’ನೇ ಶುರು. ದೇವರೇ.

“ಹಾಡಬೇಡ, ಮಾತಾಡು. ಪಕ್ಕದಲ್ಲಿ ಕೂತವಳಿಗೆ ಹೇಳೋ ಹಾಗೆ” ಅಂದರು ಸಾರ್. ಹೇಮಂತ್ ತಾನು ಹೇಳುತ್ತೇನೆ ಅಂತ ಮುಂದೆ ಬಂದ. ಹಾಡಿದ ಗಂಟಲೇ ಹೇಳಬೇಕಂತೆ. ಹೊಟ್ಟೆನೋವು ಅಂತ ಸನ್ನೆ ಮಾಡಿ ಬಂದೆ.

೨೦ ಜನವರಿ

ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಬಾಯಿ ತೆರೆದೆ. ಏನೂ ಬರಲಿಲ್ಲ. ಹೆದರಿಕೆ ಅಂದುಕೊಂಡು ನೀರು ಕೊಟ್ಟರು. ಮತ್ತೊಂದು ಸಲ. ಮತ್ತೊಂದು ಸಲ. ಕೊನೆಗೆ ಹೆಡ್‌ಫೋನಿನಲ್ಲಿ ಸಾರ್ ದನಿ, ಮೆತ್ತಗೆ — “ನಿನಗೆ ತೊದಲು ಇದೆಯೇನಪ್ಪಾ?”

ಬೈದಿದ್ದರೆ ವಾಸಿಯಿತ್ತು.

“ಸರಿ. ಮಾತು ಬಿಡು, ಮುಂದಿನ ಚರಣ ಹಾಡು” ಅಂದರು. ಹಾಡಿದೆ. ಮೊದಲನೇ ಅಕ್ಷರಕ್ಕೇ ಸಿಕ್ಕಿಕೊಂಡೆ.

ಹಾಡುವಾಗ. ಹುಟ್ಟಿದ ಮೇಲೆ ಇದೇ ಮೊದಲು. ನನಗೆ ಅಂತ ಇದ್ದದ್ದು ಅದೊಂದೇ ಜಾಗ. ತೊದಲು ಅಲ್ಲಿಗೂ ನುಗ್ಗಿಬಿಟ್ಟರೆ ನಾನು ಎಲ್ಲಿಗೆ ಹೋಗಲಿ?

೨೧ ಜನವರಿ

ಬೆಳಿಗ್ಗೆ ಪಂಪ್‌ಹೌಸ್ ಹತ್ತಿರ ಹಾಡಿ ನೋಡಿದೆ. ಬಂತು. ಇನ್ನೊಮ್ಮೆ. ಬಂತು. ಮತ್ತೆ ಹಾಡಲು ಧೈರ್ಯ ಬರಲಿಲ್ಲ.

೬ ಫೆಬ್ರವರಿ

ಉಳಿದ ಹಾಡುಗಳು ಹೇಗೋ ಮುಗಿದವು. ಪ್ರತಿ ಸಾಲಿಗೂ ಮುಂಚೆ, ಈಗ ಸಿಕ್ಕಿಕೊಳ್ಳುತ್ತೇನೆ ಅಂತಲೇ ಕಾಯುತ್ತಿದ್ದೆ.

ಇವತ್ತು ಸಾರ್ ಕರೆದು ಕೂರಿಸಿ ಟೇಪ್ ಹಾಕಿದರು. “ಕೋಪ ಬಿಡು. ಕತ್ತಲಾಗೋ ಮುಂಚೆ ಮನೆಗೆ ಬಾ.” ನನ್ನ ದನಿ! ಎಲ್ಲೂ ತಡೆಯಿಲ್ಲ. ಟೀ ಕುಡಿಯುವಾಗ ನಾನು ಲಕ್ಷ್ಮಣನ ಜೊತೆ ಆಡಿದ ಮಾತು, ಹಾಳಾದ ಟೇಕುಗಳು, ಎಲ್ಲ ರೆಕಾರ್ಡ್ ಆಗಿದ್ದವಂತೆ. ಆ ಟೇಪನ್ನೇ ಚೂರುಚೂರು ಬ್ಲೇಡಿನಲ್ಲಿ ಕತ್ತರಿಸಿ, ಬೇಕಾದ ಅಕ್ಷರ ಜೋಡಿಸಿ ಅಂಟಿಸಿದ್ದಾರೆ. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿದ್ದವು.

“ನೋಡು, ನೀನು ಹೇಳಿಬಿಟ್ಟೆ” ಅಂದರು. ಖುಷಿಯಾಗಬೇಕಿತ್ತು. ಆಗಲಿಲ್ಲ. ನನ್ನ ಗಂಟಲಲ್ಲಿ ಬೇರೆ ಯಾರೋ ಮಾತಾಡುತ್ತಿದ್ದ.

೩೦ ಮಾರ್ಚ್

ಕ್ಯಾಸೆಟ್ ಓಡುತ್ತಿದೆ. ಹಾಡಿಗಲ್ಲ, ಆ ಮಾತಿಗೆ. ಕೆ.ಆರ್. ಪೇಟೆಯ ಕ್ಯಾಸೆಟ್ ಅಂಗಡಿಯಲ್ಲಿ ಒಬ್ಬಳು ಕವರಿನ ಫೋಟೋ ನೋಡಿ ಗುರುತು ಹಿಡಿದಳು. “ಅಣ್ಣಾ, ಆ ಮಾತ ಒಂದ್ಸಲ ಯೋಳಿ!” ಗಂಟಲು ಮುಟ್ಟಿ ತೋರಿಸಿ, ಕೆಮ್ಮಿ ಓಡಿ ಬಂದೆ. ಥೂ.

ಮನೆಗೆ ಬಂದರೆ ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಬೂಕನಕೆರೆ ಚಿಕ್ಕಮ್ಮ ಕ್ಯಾಸೆಟ್ ಕೇಳಿ, ನಿನ್ನ ಮಗನಿಗೆ ಮಾತು ಸರಿ ಹೋಯಿತು ಅಂತ ಹೇಳಿಕಳಿಸಿದ್ದಾಳೆ. ಅವ್ವ ಊಟಕ್ಕಿಟ್ಟು ಎದುರಿಗೇ ಕೂತಳು. ಆಮೇಲೆ ಕೇಳಿದಳು — “ಊರ್ಗೆಲ್ಲ ಅಂಗ್ ಮಾತಾಡ್ತೀಯಂತೆ. ನನ್ನತ್ರ ಮಾತ್ರ ಯಾಕ್ಲಾ ಮಗ ಮಾತಾಡಾಕಿಲ್ಲ?”

ಉತ್ತರ ಹೇಳಲು ಹೋದೆ. ಬರಲಿಲ್ಲ. ಬೇಕಂತಲೇ ಹೇಳಲಿಲ್ಲ ಅಂದುಕೊಂಡಿರುತ್ತಾಳೆ. ತಟ್ಟೆ ಬಿಟ್ಟು ಎದ್ದೆ.

೧೯ ಏಪ್ರಿಲ್, ಸಂಜೆ, ನಾಗಮಂಗಲ

ಸ್ಟೇಜಿನ ಹಿಂದೆ. ಮೈದಾನ ತುಂಬಿದೆ. ಆಗಲೇ “ಕೋಪ ಬಿಡು! ಕೋಪ ಬಿಡು!” ಅಂತ ಕೂಗುತ್ತಿದ್ದಾರೆ. ಅವ್ವ ಬಂದಿದ್ದಾಳೆ, ಮುಂದಿನ ಸಾಲಲ್ಲೇ.

ಸಾರ್ ಟೇಪ್ ತಂದಿದ್ದಾರೆ. ಆ ಮಾತು ಬಂದಾಗ ಟೇಪ್ ಓಡುತ್ತದೆ, ನಾನು ತುಟಿ ಆಡಿಸಿದರೆ ಸಾಕು. ಹೇಮಂತ್ ಅದೇ ಸರಿ ಅಂದ.

ಲಕ್ಷ್ಮಣ ಒಪ್ಪಲಿಲ್ಲ. “ನೀನೇ ಯೋಳ್ಲಾ. ಮಾತ್ ಬರಾಗಂಟ ನಾನ್ ಕೋಲ್ ಎತ್ತಾಕಿಲ್ಲ. ಎಷ್ಟೊತ್ತಾದ್ರೂ ಕುಂತಿರ್ತೀನಿ.”

ಜನ ನಗುತ್ತಾರೆ ಅಂದೆ. ಅಷ್ಟು ಹೇಳಲು ಎಷ್ಟು ಹೊತ್ತಾಯಿತೋ.

“ನಗ್ಲಿ ಬುಡ್ಲಾ. ನಕ್ಕು ನಕ್ಕು ಅವ್ರೇ ಸುಸ್ತಾಯ್ತಾರೆ.”

ಸಾರ್ ನನ್ನತ್ತ ತಿರುಗಿ, ಟೇಪ್ ಹಾಕಲೋ ಬೇಡವೋ, ನೀನೇ ಹೇಳು ಅಂದರು. ಬೇಡ ಅನ್ನಬೇಕಿತ್ತು. ತುಟಿ ಅಂಟಿಕೊಂಡಿತು. ಹೇಮಂತ್ ನನ್ನ ಪರವಾಗಿ ಬಾಯಿ ತೆರೆದ, ಸಾರ್ ಕೈಯೆತ್ತಿ ಅವನನ್ನು ತಡೆದರು. ಕಾದರು. ಮತ್ತೊಂದು ಸಲ ಅನ್ನಲಿಲ್ಲ. ಕೊನೆಗೆ ಬಂತು — ಬೇಡ. ಟೇಪನ್ನು ಜೇಬಿಗೆ ಹಾಕಿಕೊಂಡು ಹೋದರು.

ಭಯ ಹೋಗಿಲ್ಲ. ಇಷ್ಟು ಭಯ ಯಾವತ್ತೂ ಆಗಿರಲಿಲ್ಲ. ಅಕ್ಷರ ಸೊಟ್ಟಸೊಟ್ಟಗೆ ಬೀಳುತ್ತಿವೆ. ಲಕ್ಷ್ಮಣ ಡ್ರಮ್ಮಿನ ಹಿಂದೆ ಕೂತಾಯಿತು. ನಮ್ಮ ಹೆಸರು ಕರೆದರು.

ಅವ್ವ ಕೇಳಲಿ. ಟೇಪಿನವನದ್ದಲ್ಲ, ನನ್ನದು ಕೇಳಲಿ. ಎಷ್ಟೊತ್ತಾದರೂ